ಹೊಂಬಾಳಮ್ಮ ಅಕ್ಕಿ ಎರಚಿದ್ದು

ಒಂದಾನೊಂದು ಕಾಲ. ಯಾವ ಕಾಲ ಅಂತ ನನಗೆ ಈ ಕತೆ ಹೇಳಿದ ಅಜ್ಜಿಗೂ ಗೊತ್ತಿರಲಿಲ್ಲ. ಹೊಳೆ ದಂಡೇಲಿ ಒಂದು ಊರಿತ್ತಂತೆ. ಊರಿಗೊಬ್ಬ ರಾಜ, ರಾಜನಿಗೊಬ್ಬ ಕೊತ್ವಾಲ, ಹೊಳೆ ದಾಟೋಕೆ ಒಂದೇ ಒಂದು ಹರಿಗೋಲು. ಹರಿಗೋಲು ಹಾಕೋನ ಹೆಸರು ಜವರ. ಕಟ್ಟುಮಸ್ತಾದ ಆಳು, ಮೈಮುರಿದು ದುಡಿಯೋನು. ಸಿಟ್ಟು ಮಾತ್ರ ಮೂಗಿನ ತುದೀಲಿ.

ಅದೇ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬ ಮುದುಕಿ ಇದ್ಲಂತೆ. ಗಂಡ ಇಲ್ಲ. ಇದ್ದೋನು ಒಬ್ಬನೇ ಮಗ, ಸಿಂಗ್ರ. ಅವನು ಬಳೆಗಾರ. ಬಳೆ ಮಲಾರ ಹೆಗಲಿಗೆ ಹಾಕ್ಕೊಂಡು ಆಚೆ ದಡದ ಹಳ್ಳಿಗಳನ್ನೆಲ್ಲ ಸುತ್ತಿ, ಸಂಜೆ ಹೊತ್ತಿಗೆ ಜವರನ ಹರಿಗೋಲಲ್ಲೇ ಮನೆಗೆ ಬರ್ತಿದ್ನಂತೆ. ಮಾತು ಸಕ್ಕರೆ, ಕೈ ಬೆಣ್ಣೆ. ಎಂಥಾ ಬಿಗಿ ಬಳೇನೂ ನೋಯದ ಹಾಗೆ ಏರಿಸ್ತಿದ್ನಂತೆ. "ನನ್ನ ಮಗನಂಥ ಮಗ ಇನ್ನೊಬ್ಬನಿಲ್ಲ, ಬೀಡಿ ಇಲ್ಲ, ಹೆಂಡ ಇಲ್ಲ" ಅಂತ ಹೊಂಬಾಳಮ್ಮ ಸಿಕ್ಕಿದೋರಿಗೆಲ್ಲ ಹೇಳ್ತಿದ್ಲಂತೆ.

ಒಂದಿನ ಸಂತೇಲಿ ಸಿಂಗ್ರ, ಜವರನ ಹೆಂಡತಿ ದೇವೀರಿಗೆ ಬಳೆ ತೊಡಿಸ್ತಾ ಇದ್ದ. ತೊಡಿಸ್ತಾ ತೊಡಿಸ್ತಾ, "ಇಂಥ ಕೈ ಹುಟ್ಟು ಹಾಕೋನ ಮನೇಲಿ ಇರೋ ಕೈಯಲ್ಲ ಕಣಕ್ಕ" ಅಂದುಬಿಟ್ಟ. ತಮಾಷೆಗೆ ಅಂದ. ಹಿಂದೆಯೇ ಜವರ ನಿಂತಿದ್ದ. ಸಿಂಗ್ರನ ಕೊರಳಪಟ್ಟಿ ಹಿಡಿದು, "ನಿನ್ನ ಒಂದಿನ ಹೊಳೆ ನಡುವೆ ಕೆಡವಿ ಬರದಿದ್ರೆ ನಾನು ಜವರನೇ ಅಲ್ಲ" ಅಂತ ಕೂಗಿದ. ಏಳೂರ ಸಂತೆ ಜನ ಕೇಳಿಸ್ಕೊಂಡ್ರು. ಆಮೇಲೆ ಅವರಿವರು ಬಿಡಿಸಿದ್ರು, ನಕ್ಕರು, ಅಲ್ಲಿಗೆ ಮರೆತ್ರು.

ಮರೆತಿದ್ರು, ಸಿಂಗ್ರನ ಹೆಣ ಸಿಗೋ ತನಕ.

ಬಟ್ಟೆ ಒಗೆಯೋಕೆ ಹೋದ ಹೆಂಗಸರು ಜೊಂಡಿನೊಳಗೆ ಸಿಕ್ಕಿಕೊಂಡಿದ್ದ ಹೆಣ ನೋಡಿ ಚೀರಿಕೊಂಡು ಓಡಿಬಂದ್ರಂತೆ. ತಲೆ ಒಡೆದಿತ್ತು. ಹಿಂದಿನ ಸಂಜೆ ಸಿಂಗ್ರ ಆಚೆ ದಡದಲ್ಲಿ ಒಬ್ಬನೇ ಹರಿಗೋಲು ಹತ್ತಿದ್ದನ್ನ ಕಂಡೋರಿದ್ರು. ಈಚೆ ದಡದ ಕಟ್ಟೆ ಹತ್ರ ಇಳಿದೋನು ಜವರ ಒಬ್ಬನೇ. ಕೊತ್ವಾಲ ಆಳುಗಳನ್ನ ಕಟ್ಕೊಂಡು ಹೋಗಿ ಹುಡುಕಿದ. ಹರಿಗೋಲೊಳಗೆ ಸಿಂಗ್ರನ ಬಳೆ ಮಲಾರ ಇತ್ತು. ಹುಟ್ಟಿನ ಹಿಡೀಲಿ ರಕ್ತದ ಕಲೆ ಇತ್ತು. ಜವರನ ಕೈಗೆ ಹಗ್ಗ ಬಿತ್ತು.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತಂತೆ. ಕೊಲೆ ಆದ್ರೆ ಸಭೆ ಕರೆಯೋನು ರಾಜ, ವಾದ ಮಾಡೋರು ಎರಡು ಕಡೆಯೋರು, ಕಡೇ ಮಾತು ಮಾತ್ರ ಸತ್ತೋನ ಹೆತ್ತವ್ವಂದು. ಅವಳ ಎಡಗಡೆ ಒಂದು ಬುಟ್ಟಿ ಬೂದಿ, ಬಲಗಡೆ ಒಂದು ಬುಟ್ಟಿ ಅಕ್ಕಿ. ಎರಡೂ ಕಡೆ ಮಾತು ಮುಗಿದ ಮೇಲೆ, ಹೊತ್ತು ಮುಳುಗೋದರೊಳಗೆ, ಅವಳು ಒಂದು ಹಿಡಿ ತೆಗೆದು ಸೆರೆ ಸಿಕ್ಕಿದೋನ ಕಾಲ ಹತ್ರ ಎರಚಬೇಕು. ಬೂದಿ ಎರಚಿದ್ರೆ ತಲೆ ಹೋಯ್ತು. ಅಕ್ಕಿ ಎರಚಿದ್ರೆ ಅವನು ಮನೆಗೆ ಹೋದ. ರಾಜನೂ ಅದರ ಮೇಲೆ ಮಾತಾಡೋ ಹಾಗಿಲ್ಲ.

ಸಭೆ ಸೇರ್ತು. ಸಾಕ್ಷಿ ಹೇಳೋರು ಹೇಳಿದ್ರು. ಜವರನನ್ನ ಕೇಳಿದ್ರೆ ಅವನು ಹೇಳಿದ್ದು ಇಷ್ಟೇ: "ನಾನು ಕೊಲ್ಲಲಿಲ್ಲ ಬುದ್ಧಿ. ಕಟ್ಟೆಗೆ ಬರೋ ಮುಂಚೆ ಬಿದಿರುಮೆಳೆ ಹತ್ರ ಇಳಿಸು ಅಂದ, ಇಳಿಸಿದೆ. ಮೆಳೆ ಹಿಂದಿನ ಈಚಲುವನಕ್ಕೆ ಹೆಂಡ ಕುಡಿಯೋಕೆ ಹೋಗ್ತಿದ್ದ. ಕುಡಿದು ಬಿದ್ರೆ ಬಳೆ ಒಡೀತವೆ ಅಂತ ಮಲಾರ ನನ್ನ ಹತ್ರವೇ ಬಿಟ್ಟು ಹೋಗ್ತಿದ್ದ, ಬೆಳಿಗ್ಗೆ ಬಂದು ತಗೋತಿದ್ದ. ರಕ್ತ ನಂದು. ಬಿದಿರ ಸಿಬಿರು ಅಂಗೈಗೆ ಹೊಕ್ಕಿತ್ತು."

ಸಿಂಗ್ರ ಹೆಂಡ ಕುಡೀತಿದ್ದನಾ? ಸಭೆಗೆ ಸಭೆಯೇ ಹೊಂಬಾಳಮ್ಮನ ಕಡೆ ತಿರುಗಿ ನೋಡ್ತಂತೆ. ಹೊಂಬಾಳಮ್ಮ ಸೆರಗು ತಲೆ ಮೇಲೆ ಎಳ್ಕೊಂಡ್ಲು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಕಡೇ ವಾದದ ದಿನ ಬಂತು. ಅರಮನೆ ಮುಂದಿನ ಬಯಲಲ್ಲಿ ಕಾಲಿಡೋಕೆ ಜಾಗ ಇರಲಿಲ್ಲವಂತೆ. ಬಿಸಿಲು ಚುರುಗುಟ್ಟುತ್ತಿತ್ತು. ಜನ ನಿಂತಲ್ಲಿ ನಿಲ್ಲರು, ಕೂತಲ್ಲಿ ಕೂರರು. ಎರಡು ಬುಟ್ಟಿ ನಡುವೆ ಹೊಂಬಾಳಮ್ಮ. ಅವಳ ಕೈ ಒಂದು ಗಳಿಗೆ ಮಡಿಲಲ್ಲಿ, ಒಂದು ಗಳಿಗೆ ನೆಲದ ಮೇಲೆ, ಒಂದು ಗಳಿಗೆ ಬೂದಿ ಬುಟ್ಟಿ ಅಂಚಿನ ಮೇಲೆ.

ಮೊದಲು ಕೊತ್ವಾಲ ಎದ್ದ. ಅವನು ಕೆಟ್ಟೋನಲ್ಲ ಕೇಳ್ರಪ್ಪ. ಜವರನೇ ಕೊಂದ ಅಂತ ನಿಜವಾಗಿ ನಂಬಿದ್ದ.

"ದೊರೆ, ಕೊಲ್ತೀನಿ ಅಂದೋನು ಯಾರು? ಜವರ. ಸಿಂಗ್ರನ ಜೊತೆ ಹೊಳೆ ಮೇಲೆ ಇದ್ದೋನು ಯಾರು? ಜವರ. ರಕ್ತ ಯಾರ ಹುಟ್ಟಿನ ಮೇಲಿತ್ತು? ಜವರನ ಹುಟ್ಟಿನ ಮೇಲೆ. ಇವೆಲ್ಲ ಒಂದು ಕಡೆ ಇರಲಿ. ಬಳೆಗಾರ ಮಲಾರ ಬಿಟ್ಟು ಇಳೀತಾನಾ? ನೀವೇ ಹೇಳಿ!"

"ಇಲ್ಲ! ಇಲ್ಲ!" ಅಂತು ಜನ.

"ಕುಡಿಯೋಕೆ ಹೋದ ಅಂತಾನೆ. ಸತ್ತೋನು ಎದ್ದು ಬಂದು ಇಲ್ಲ ಅನ್ನಲ್ಲ ಅಂತ ಅವನ ಮೇಲೇ ಹೊರಿಸ್ತಾನೆ. ಹೆತ್ತ ತಾಯಿ ಇಲ್ಲೇ ಕೂತಿದ್ದಾಳೆ. ಮಗ ಅಂಥೋನಾಗಿದ್ರೆ ಅವಳಿಗೆ ಗೊತ್ತಿರ್ತಿರಲಿಲ್ವಾ? ಒಬ್ಬನ ತಲೆ ಹೋಗೋ ಹೊತ್ತಲ್ಲಿ ಅವಳು ಬಾಯಿ ಬಿಡ್ತಿರಲಿಲ್ವಾ? ಅವಳು ಸುಮ್ಮನಿದ್ದಾಳೆ. ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ."

ಕೊತ್ವಾಲ ಕೂತ. ಬಯಲೆಲ್ಲ ಗುಜುಗುಜು. ಹೊಂಬಾಳಮ್ಮ ಬೂದಿ ಬುಟ್ಟಿ ಅಂಚಿನ ಮೇಲಿದ್ದ ಕೈ ಹಿಂದಕ್ಕೆ ಎಳ್ಕೊಂಡ್ಲಂತೆ.

ಯಾಕೆ ಅಂದ್ರೆ, ಜವರ ಹೇಳಿದ್ದು ಅವಳಿಗೆ ಗೊತ್ತಿತ್ತು. ಸಿಂಗ್ರ ಕುಡೀತಿದ್ದ. ಎಷ್ಟೋ ಸಂಜೆ ಬರಿ ಹೆಗಲಲ್ಲಿ ತಡವಾಗಿ ಬಂದು, ಗೋಡೆ ಕಡೆ ಮುಖ ತಿರುಗಿಸಿ ಮಲಗ್ತಿದ್ದ. "ಮಲಾರ ಎಲ್ಲೋ?" ಅಂದ್ರೆ "ಜವರನ ಹತ್ರ ಐತೆ ಕನವ್ವ, ಯಾರಿಗೂ ಹೇಳಬೇಡ" ಅಂತಿದ್ದ. ಅವಳು ಯಾರಿಗೂ ಹೇಳಿರಲಿಲ್ಲ. ಮಣ್ಣಿಗೆ ಹೋದ ಮಗನ ಮಾನ ಯಾಕೆ ತೆಗೀಲಿ ಅಂತ ಈಗಲೂ ಹೇಳಿರಲಿಲ್ಲ.

ಆಮೇಲೆ ಜವರನ ಕಡೆಯಿಂದ ಎದ್ದೋನು ಅವನ ಮಾವ ಮೊಗಣ್ಣ, ದೇವೀರಿಯ ಅಪ್ಪ. ಬೇರೆ ಯಾರೂ ಮುಂದೆ ಬಂದಿರಲಿಲ್ಲ. ಮುದುಕ ಪೇಟ ತೆಗೆದು ಕೈಲಿ ಹಿಡ್ಕೊಂಡ.

"ಬುದ್ಧೀ, ನನ್ನ ಅಳಿಯ ಒಳ್ಳೇವನು ಅಂತ ಹೇಳಕ್ಕೆ ನಾನು ಬಂದಿಲ್ಲ. ಇವನಿಗೆ ಮಗಳು ಕೊಟ್ಟು ನಾನು ಪಟ್ಟ ಪಾಡು ನನಗೇ ಗೊತ್ತು. ಹಬ್ಬಕ್ಕೆ ಕರೆದ್ರೆ ಊಟದ ಎಲೆ ಮುಂದೆಯೇ ಜಗಳ ತೆಗೀತಾನೆ. ನನಗೂ ಕೊಲ್ತೀನಿ ಅಂದಿದ್ದಾನೆ, ಒಂದಲ್ಲ ಹತ್ತು ಸಲ. ನೋಡಿ, ನಾನು ಇನ್ನೂ ಇದ್ದೀನಿ."

ಜನ ನಕ್ಕರಂತೆ. ಮೊಗಣ್ಣ ನಗಲಿಲ್ಲ.

"ಕೊಂದಿರಬೈದು. ಕೊಂದಿಲ್ಲದೇನೂ ಇರಬೈದು. ನಾನು ನೋಡಲಿಲ್ಲ. ಕೊತ್ವಾಲರೂ ನೋಡಲಿಲ್ಲ. ಅವರು ಹೇಳಿದ್ದೆಲ್ಲ ಕೇಳ್ತಾ ಇದ್ರೆ ಹೌದು ಹೌದು ಅನ್ಸುತ್ತೆ. ಮನೆಗೆ ಹೋಗಿ ಕೂತ್ಕೊಂಡ್ರೆ, ಅಲ್ಲ, ಸಿಂಗ್ರ ದಡದ ಮೇಲಿಂದ ಜಾರಿ ಬಂಡೆಗೆ ಬಿದ್ದಿದ್ರೆ? ಆ ವನದಲ್ಲಿ ಇನ್ಯಾರೋ ಹೊಡೆದಿದ್ರೆ? ಅನ್ಸುತ್ತೆ. ಅಂಗೇ ಅನ್ನಿಸ್ತಾ ಇರೋವಾಗ ಒಬ್ಬನ ತಲೆ ತೆಗೆಯೋದು ಹೆಂಗೆ ಬುದ್ಧಿ? ತಲೆ ತೆಗೆದ ಮೇಲೂ ಅಂಗೇ ಅನ್ನಿಸ್ತಾ ಇದ್ರೆ ಏನು ಮಾಡೋದು? ಇಷ್ಟೇ ನನಗೆ ಬರೋದು."

ಅಷ್ಟು ಹೇಳಿ ಪೇಟ ಹಾಕ್ಕೊಂಡು ಕೂತುಬಿಟ್ಟ.

ರಾಜ ಹೊಂಬಾಳಮ್ಮನ ಕಡೆ ನೋಡಿದ. "ತಾಯೀ, ಇನ್ನು ನಿಂದು."

ಹೊಂಬಾಳಮ್ಮ ಬೂದಿ ಬುಟ್ಟಿಗೆ ಕೈ ಹಾಕಿದ್ಲು. ತೆಗೆದ್ಲು. ಅಕ್ಕಿ ಬುಟ್ಟಿ ಕಡೆ ತಿರುಗಿದ್ಲು. ಆ ಕಡೆ ಕೈಯೇ ಹೋಗಲೊಲ್ಲದು. ಮತ್ತೆ ಬೂದಿ ಕಡೆ ತಿರುಗಿದ್ಲು. ಕಡೆಗೆ ಎದ್ದು, "ಹೊತ್ತು ಇನ್ನೂ ಐತಲ್ಲ ಬುದ್ಧಿ" ಅಂದವಳೇ ಜನರನ್ನ ಸರಿಸ್ಕೊಂಡು ನಡೆದುಬಿಟ್ಲಂತೆ.

ಮನೆಗೆ ಹೋದ್ಲು. ಒಲೆ ಮುಂದೆ ಕೂತ್ಲು, ಕೂರೋಕಾಗಲಿಲ್ಲ. ಕಸಬರಿಗೆ ತಗೊಂಡು ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದ್ಲು. ಬಿಸಾಕಿದ್ಲು. ಮಗನ ಪಂಚೆ ಹಗ್ಗದ ಮೇಲೆ ಹಾಗೇ ಇತ್ತು. ಮುಖಕ್ಕೆ ಒತ್ಕೊಂಡ್ಲು. "ಅವನನ್ನ ಬಿಟ್ರೆ ನಿನ್ನ ಕೊಂದೋನನ್ನೇ ಬಿಟ್ಟ ಹಾಗಾಗುತ್ತೇನೋ ಮಗ?" ಅಂತ ಕೇಳಿದ್ಲು. ಪಂಚೆ ಏನು ಹೇಳೀತು? ಅಲ್ಲಿಂದ ಎದ್ದು ಹೊಳೆ ಕಡೆ ಹೋದ್ಲು.

ಹೊಳೆ ಕಟ್ಟೆ ಮೇಲೆ ಬಿಂದಿಗೆ ಪಕ್ಕದಲ್ಲಿಟ್ಕೊಂಡು ದೇವೀರಿ ಕೂತಿದ್ಲಂತೆ. ಮುದುಕಿ ಬಂದಿದ್ದು ನೋಡಿ ಎದ್ದು ನಿಂತ್ಲು.

"ಕಾಲಿಗೆ ಬೀಳೋಕೆ ಕಾದಿದ್ದೀಯೇನೆ?"

"ಇಲ್ಲ ಕನವ್ವ. ಜನ ನೋಡ್ತಾರೆ ಅಂತ ಇಲ್ಲಿಗೆ ಬಂದೆ. ನೀನೂ ಬತ್ತೀಯ ಅಂತ ಗೊತ್ತಿರಲಿಲ್ಲ."

"ನಿನ್ನ ಗಂಡ ನನ್ನ ಮಗನ್ನ ಕೊಂದನಾ? ಹೇಳು."

"ಇಲ್ಲ ಅಂತ ಹೇಳ್ತಾನೆ."

"ಅವನು ಹೇಳೋದು ನಾನೂ ಕೇಳಿದ್ದೀನಿ. ನೀನೇನಂತೀಯ?"

ದೇವೀರಿ ಬಿಂದಿಗೆ ಎತ್ತಿ ಮತ್ತೆ ಕೆಳಗಿಟ್ಲು. ಕಣ್ಣಲ್ಲಿ ನೀರಿಲ್ಲ.

"ಇಲ್ಲ ಅಂದಿದ್ದನ್ನ ಇಲ್ಲ ಅಂತಲೇ ಇಟ್ಕೊಂಡಿದ್ದೀನಿ ಕನವ್ವ. ಆದ್ರೂ ಸೆರೆಮನೆಗೆ ಬುತ್ತಿ ಕೊಡಕ್ಕೆ ಹೋದಾಗೆಲ್ಲ ನನ್ನ ಕಣ್ಣು ಅವನ ಕೈ ಮೇಲೇ ಹೋಯ್ತದೆ. ನೋಡಬಾರದು ಅಂದ್ರೂ ಹೋಯ್ತದೆ."

ಹೊಂಬಾಳಮ್ಮನಿಗೆ ಅವಳ ಕೆನ್ನೆಗೆ ಎರಡು ಬಾರಿಸೋಣ ಅನ್ನಿಸ್ತಂತೆ. ತಬ್ಕೊಂಡು ಅಳೋಣ ಅಂತಲೂ ಅನ್ನಿಸ್ತಂತೆ. ಎರಡೂ ಮಾಡಲಿಲ್ಲ. ಕಟ್ಟೆ ಮೇಲೆ ಅವಳ ಪಕ್ಕದಲ್ಲಿ ಕೂತು, ಬಿಂದಿಗೆ ಬಗ್ಗಿಸಿ ಒಂದು ಬೊಗಸೆ ನೀರು ಕುಡಿದು, ಎದ್ದು ಬಂದ್ಲು.

ಹೊತ್ತು ಇಳೀತಿತ್ತು. ಸಭೇಲಿ ರಾಜ ಆಸನದ ಮೇಲೆ ಹೊರಳಾಡ್ತಿದ್ದ. ಕೊತ್ವಾಲ ಶತಪಥ ತಿರುಗ್ತಿದ್ದ. ಜವರ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಹೊಂಬಾಳಮ್ಮ ಬಂದವಳು ಬುಟ್ಟಿ ಹತ್ರ ಹೋಗಲಿಲ್ಲ. ಸಭೆ ನಡುವೆ ನಿಂತ್ಲು.

"ಬುದ್ಧೀ, ನನ್ನ ಮಗ ಕುಡೀತಿದ್ದ."

ಹಿಂದೆ ಕೂತಿದ್ದೋರೆಲ್ಲ ಎದ್ದು ನಿಂತ್ರಂತೆ.

"ಮಲಾರ ಜವರನ ಹತ್ರ ಬಿಟ್ಟು ಈಚಲುವನಕ್ಕೆ ಹೋಗ್ತಿದ್ದ. ನನಗೆ ಗೊತ್ತಿತ್ತು. ಜವರ ಆ ಮಾತು ಸುಳ್ಳು ಹೇಳಲಿಲ್ಲ. ಸುಮ್ಮನಿದ್ದೋಳು ನಾನು."

"ಅಯ್ಯೋ, ಸತ್ತ ಮಗನ ಮಾನ ಕಳೆದ್ಲಲ್ಲ!" ಅಂತ ಯಾರೋ ಅಂದ್ರು. ಹೊಂಬಾಳಮ್ಮ ಆ ಕಡೆ ತಿರುಗಲಿಲ್ಲ.

ರಾಜ ಮುಂದಕ್ಕೆ ಬಾಗಿದ. "ಹಾಗಾದ್ರೆ ಜವರ ಕೊಲ್ಲಲಿಲ್ಲ ಅಂತೀಯ ತಾಯಿ?"

"ಗೊತ್ತಿಲ್ಲ ಬುದ್ಧಿ."

"ಕೊಂದ ಅಂತೀಯ?"

"ಗೊತ್ತಿಲ್ಲ ಬುದ್ಧಿ. ಕೊಲ್ತೀನಿ ಅಂದಿದ್ದು ಇವನೇ. ಜೊತೇಲಿದ್ದೋನೂ ಇವನೇ. ಮೆಳೆ ಹತ್ರ ಇಳಿಸಿದ್ನೋ, ಮುಂಚೆಯೇ ಹೊಡೆದ್ನೋ, ಯಾರು ಕಂಡೋರು? ಇವನ ಮುಖ ನೋಡಿದ್ರೆ ನನಗೆ ಈಗಲೂ ಮೈ ಉರೀತದೆ."

"ಏನೂ ಗೊತ್ತಿಲ್ಲದೆ ಏನು ಎರಚ್ತೀಯ?"

"ಅದನ್ನೇ ಮಧ್ಯಾಹ್ನದಿಂದ ಯೋಚನೆ ಮಾಡಿದೆ ಬುದ್ಧಿ. ಇವತ್ತು ಇವನ್ನ ಬಿಟ್ಟು, ನಾಳೆ ಇವನೇ ಅಂತ ಗೊತ್ತಾದ್ರೆ, ಕೊತ್ವಾಲರು ಅವ್ರೆ, ಹಗ್ಗ ಐತೆ, ಮತ್ತೆ ಹಿಡೀಬೈದು. ಇವತ್ತು ಇವನ್ನ ಕೊಂದು, ನಾಳೆ ಇವನಲ್ಲ ಅಂತ ಗೊತ್ತಾದ್ರೆ, ನಾನು ಯಾರ ಮನೆ ಬಾಗಿಲಿಗೆ ಹೋಗ್ಲಿ? ಮಗನ್ನ ಕಳ್ಕೊಂಡ ಮನೆ ಹೆಂಗಿರ್ತದೆ ಅಂತ ನನಗೆ ಗೊತ್ತು. ಗೊತ್ತಿರೋದು ಅದೊಂದೇ."

ಅಷ್ಟು ಹೇಳಿ ಬಲಗಡೆ ಬುಟ್ಟಿಗೆ ಕೈ ಹಾಕಿದ್ಲು. ಕೈ ನಡುಗಿ ಅರ್ಧ ಅಕ್ಕಿ ದಾರೀಲೇ ಚೆಲ್ಲಿಹೋಯ್ತಂತೆ. ಉಳಿದದ್ದನ್ನ ಜವರನ ಕಾಲ ಹತ್ರ ಎರಚಿ, ಅವನ ಮುಖ ನೋಡದೆ ತಿರುಗಿ ಮನೆಗೆ ಹೋದ್ಲು.

ಕೊತ್ವಾಲ ಅವತ್ತೇ ಈಚಲುವನಕ್ಕೆ ಹೋದನಂತೆ. ಹೆಂಡ ಇಳಿಸೋನನ್ನ ಕೇಳಿದ. "ಆವತ್ತು ಸಂಜೆ ಯಾರೋ ಒಬ್ಬ ಬಂದು ಕುಡಿದು ಹೊಳೆ ಕಡೆ ಹೋದ ಬುದ್ಧಿ. ವಸ್ತ್ರದ ಮುಸುಕು ಹಾಕಿದ್ದ. ಮುಖ ನೋಡಲಿಲ್ಲ" ಅಂದ ಅವನು. ಸಿಂಗ್ರನೇ ಇರಬೈದು. ಅಲ್ಲದೇನೂ ಇರಬೈದು. ಕೊತ್ವಾಲ ತಲೆ ಕೆರ್ಕೊಂಡು ವಾಪಸ್ ಬಂದ. ಬೇರೆ ಯಾರನ್ನೂ ಹಿಡಿಯೋಕಾಗಲಿಲ್ಲ.

ಆಮೇಲೆ ರಾಜ ಡಂಗುರ ಹೊಡೆಸಿದ್ನಂತೆ: ಬೂದಿ ಬುಟ್ಟಿಗೆ ಕೈ ಹಾಕೋರ ಕೈ ನಡುಗಿದ್ರೆ, ಆ ಬೂದಿ ಬುಟ್ಟೀಲೇ ಇರಲಿ ಅಂತ. ಆ ರಾಜ್ಯದಲ್ಲಿ ಎಷ್ಟೋ ತಲೆ ಉಳಿದವಂತೆ. ಅದರಲ್ಲಿ ಒಂದೆರಡು ಉಳೀಬಾರದ ತಲೆಗಳೂ ಇದ್ದವಂತೆ. ಅದೂ ನಿಜವೇ.

ಹೊಂಬಾಳಮ್ಮನ ಕತೆ ಇನ್ನೊಂಚೂರು ಐತೆ. ಅವಳು ಆಮೇಲೆ ಹೊಳೆ ದಾಟೋದನ್ನೇ ಬಿಟ್ಲು. ಮಳೆಗಾಲ ಹೋಯ್ತು, ಬೇಸಿಗೆ ಬಂತು. ಆಚೆ ದಡದಲ್ಲಿ ಅವಳ ತಂಗಿ ಕಾಯಿಲೆ ಬಿದ್ದು, ಅಕ್ಕನ್ನ ನೋಡಬೇಕು ಅಂತ ಹೇಳಿ ಕಳಿಸಿದ್ಲಂತೆ. ಹೋಗಲೇಬೇಕು. ದಾಟೋಕೆ ಇರೋದು ಅದೊಂದೇ ಹರಿಗೋಲು.

ಮುದುಕಿ ಕಟ್ಟೆಗೆ ಬಂದ್ಲು. ಜವರ ಎದ್ದು ನಿಂತ. ಅವನೂ ಸೊರಗಿದ್ದ. ಆ ಸಿಟ್ಟು ಎಲ್ಲಿ ಹೋಗಿತ್ತೋ. ಅವಳು ಹತ್ತಿ ಕೂತ್ಲು. ಅವನು ಹುಟ್ಟು ಹಾಕ್ದ. ಇಬ್ಬರೇ. ಹೊಳೆ ನಡುವಿಗೆ ಬಂದಾಗ ಜವರ ಹುಟ್ಟು ನಿಲ್ಲಿಸಿದ. ಹರಿಗೋಲು ಸುತ್ತೋಕೆ ಶುರುವಾಯ್ತು.

"ಅವ್ವಾ, ಆವತ್ತು ಏನಾಯ್ತು ಅಂದ್ರೆ..."

"ಬೇಡ ಕನಪ್ಪ" ಅಂದ್ಲು ಹೊಂಬಾಳಮ್ಮ. "ನೀನು ಇಲ್ಲ ಅಂದ್ರೂ ನನಗೆ ಪೂರ್ತಿ ನಂಬೋಕಾಗಲ್ಲ. ಹೌದು ಅಂದ್ರೆ ಬದುಕೋಕಾಗಲ್ಲ. ತಂಗಿ ಕಾಯ್ತಾ ಅವಳೆ. ಹುಟ್ಟು ಹಾಕು."

ಜವರ ಸುತ್ತೋ ಹರಿಗೋಲನ್ನ ಆಚೆ ದಡದ ಕಡೆ ತಿರುಗಿಸಿದ. ಆಮೇಲೆ ಹುಟ್ಟು ಹಾಕ್ದ.

ಅವರು ಅಲ್ಲಿ ಹೊಳೆ ದಾಟಿದ್ರು, ನಾವು ಇಲ್ಲಿ ಕೂತು ಕತೆ ದಾಟಿದ್ವಿ. ಏಳ್ರಪ್ಪ ಇನ್ನು, ನಿಮ್ಮನಿಮ್ಮ ಮನೆ ಸೇರ್ಕೊಳ್ಳಿ.