ಹರಿಗೋಲು ಹತ್ತಿ ಕೂತ ಹಸಿವು

ಹೊರಳಾಡಿದ್ದು ಸಾಕು ಕಂದಾ. ಇನ್ನೊಂದು ಒಬ್ಬಟ್ಟು ಅಂತ ಡಬ್ಬಿ ಹತ್ರ ಹೋದಾಗಲೇ ಬೇಡ ಅಂದೆ, ನೀನು ಕೇಳಲಿಲ್ಲ. ಈಗ ಹೊಟ್ಟೆ ಬಿಗೀತದೆ ಅಂದ್ರೆ ನಾನೇನು ಮಾಡ್ಲಿ? ಎಡಕ್ಕೆ ತಿರುಗಿ ಮಲಕ್ಕೊಂಡು ಕತೆ ಕೇಳು.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬರ್ತಿದ್ದಾಗ, ಹೊಳೆದಂಡೇಲಿ ಸಣ್ಣಬೋರ ಅಂತ ಒಬ್ಬ ಅಂಬಿಗ ಇದ್ದನಂತೆ, ಅವನಿಗೆ ಕೆಂಪಿ ಅಂತ ಒಬ್ಬಳೇ ಮಗಳಂತೆ. ತಾಯಿ ಇಲ್ಲದ ಮಗು. ಆ ವರ್ಷ ಯುಗಾದಿಗೆ ಕೆಂಪಿ ಮೊದಲನೇ ಸಲ ತಾನೇ ಒಬ್ಬಟ್ಟು ಮಾಡಿ, ಅಪ್ಪಾ ಹಸ್ಕೊಂಡು ಬಾ, ಹೆಂಗಾಗಿದೆ ಅಂತ ನೀನೇ ಹೇಳ್ಬೇಕು ಅಂದಳಂತೆ. ಅವನು ಹ್ಞೂಂ ಅಂದು ಹರಿಗೋಲು ಬಿಟ್ಟನಂತೆ.

ಹಬ್ಬದ ದಿನ ಅಂಬಿಗನನ್ನ ಯಾರು ಸುಮ್ನೆ ಕಳಿಸ್ತಾರೆ? ಆಚೆ ದಡದ ಗೌಡರು ಊಟಕ್ಕೆ ಕೂರಿಸಿದರಂತೆ. ಆ ಸೀಮೇಲಿ ಎಲೆಗೆ ಕೈ ಅಡ್ಡ ಹಿಡಿದ್ರೆ, ಪಾಪ ನಾಚ್ಕೋತಾನೆ ಅಂತ ಇನ್ನೆರಡು ಬಡಿಸೋರಂತೆ. ಇವನಿಗೂ ನಾಲಿಗೆ ಚಪಲ. ಇವನ ಹೊಟ್ಟೇಲಿ ಹಸಿವು ಅಂತ ಪುಟ್ಟ ಹುಡುಗಿ ಇದ್ದಳಂತೆ, ಅವಳು ಉಂಡು ಸಾಕು ಅಂದಳಂತೆ. ಆಮೇಲೆ ಶಾನುಭೋಗರ ಮನೇಲಿ ಪಾಯಸ, ಹಸಿವು ಮೂಲೆಗೆ ಒತ್ತಿಕೊಂಡು ಕೂತಳಂತೆ. ಆಮೇಲೆ ಗಾಣಿಗರ ಮನೇಲಿ ಕರಿಗಡುಬು, ಕಾಲಿಡೋಕೂ ಜಾಗ ಇಲ್ಲದೆ ಹಸಿವು ಎದ್ದು ಹೊರಟೇ ಹೋದಳಂತೆ.

ಸಣ್ಣಬೋರ ಮನೆಗೆ ಬಂದಾಗ ಕೆಂಪಿ ಬಡಿಸಿ ಎದುರಿಗೇ ಕೂತಳಂತೆ. ಬಾಯಿಗಿಟ್ಟರೆ ಮಣ್ಣು ತಿಂದ ಹಾಗೆ. ಚೆನ್ನಾಗಿದೆ ಅಂದನಂತೆ. ಅವಳೇನು ದಡ್ಡಿಯಾ, ಹಿತ್ತಲಿಗೆ ಹೋಗಿ ಅತ್ತಳಂತೆ. ಇವನಿಗೋ, ಕೂತ್ರೆ ಕೂರೋಕಾಗಲ್ಲ, ಮಲಗಿದ್ರೆ ಮಲಗೋಕಾಗಲ್ಲ, ನಿನ್ನ ಹಾಗೇ. ಎದ್ದು ಹಸಿವನ್ನ ಹುಡುಕ್ಕೊಂಡು ಹೊರಟನಂತೆ.

ಹಸಿವು ಹರಿಗೋಲಲ್ಲಿ ಮುಖ ಊದಿಸ್ಕೊಂಡು ಕೂತಿದ್ದಳಂತೆ. ಮನೆಗೆ ಬಾರವ್ವಾ ಅಂದ್ರೆ, ಮೂರು ಸಲ ಆಚೆ ದಡಕ್ಕೆ ಹೋಗಿ ಬಾ, ಆಮೇಲೆ ನೋಡ್ತೀನಿ ಅಂದಳಂತೆ. ಒಂದು ಸಲ ಹೋಗಿ ಬಂದ, ತೇಗಿನ ಮೇಲೆ ತೇಗು. ಎರಡನೇ ಸಲ ಹೋಗಿ ಬಂದ, ಮೈಯೆಲ್ಲ ಬೆವರು. ಮೂರನೇ ಸಲ ಬರೋ ಹೊತ್ತಿಗೆ ಬಿಸಿಲು ಇಳಿದಿತ್ತು, ತಿರುಗಿ ನೋಡಿದ್ರೆ ಹರಿಗೋಲು ಖಾಲಿ, ಹೊಟ್ಟೆ ಒಳಗೆ ಯಾರೋ ಮೆಲ್ಲಗೆ ಕದ ತಟ್ಟಿದ ಹಾಗಾಯ್ತಂತೆ.

ಓಡಿ ಬಂದು ಮಗಳನ್ನ ಕರೆದು, ಒಂದೇ ಒಬ್ಬಟ್ಟು ಮುರಿದು, ಅರ್ಧ ಬಾಯಿಗಿಟ್ಟು ಅಗಿದು ಅಗಿದು ತಿಂದನಂತೆ. ಆಮೇಲೆ, "ಹೂರಣಕ್ಕೆ ಏಲಕ್ಕಿ ಹಾಕೋದು ಮರ್ತಿದ್ದೀಯಲ್ಲವ್ವಾ" ಅಂದನಂತೆ.

ಕೆಂಪಿ ಮುಖ ಅರಳಿತಂತೆ. "ಬೆಳಿಗ್ಗೆಯಿಂದ ಕೇರಿಯೆಲ್ಲ ಚೆನ್ನಾಗಿದೆ ಅಂತು. ರುಚಿ ನೋಡಿ ತಿಂದೋನು ನೀನೊಬ್ಬನೇ ಅಪ್ಪಾ."

ಮಿಕ್ಕ ಅರ್ಧ ಅವಳ ಬಾಯಿಗಿಟ್ಟನಂತೆ. ಆಮೇಲೆ ಪ್ರತಿ ಹಬ್ಬದಲ್ಲೂ ಮೊದಲು ಮಗಳ ಜೊತೆ ಉಂಡು, ಬೇರೆ ಮನೇಲಿ ಒಂದು ಚೂರು ಬಾಯಿಗಿಟ್ಟು, ಒಳಗಿನ ಹುಡುಗಿ ಸಾಕು ಅಂದ್ಲು ಅಂತ ಕೈಮುಗಿದು ಏಳ್ತಿದ್ದನಂತೆ. ಅಪ್ಪ ಮಗಳು ಸುಖವಾಗಿದ್ದರಂತೆ.

ಅಲ್ಲಿಗೆ ಕತೆ ಮುಗೀತು. ಡಬ್ಬಿ ಎಲ್ಲಿಗೂ ಹೋಗಲ್ಲ ಕಂದಾ. ನಿನ್ನೊಳಗಿನ ಹುಡುಗಿ ಬೆಳಿಗ್ಗೆ ಬಂದು ಕದ ತಟ್ಟಲಿ, ಇಬ್ಬರೂ ಕೂತು ತಿನ್ನುವಿರಂತೆ.