ಹದಿನೈದನೆಯ ತೂತು

"ಮೇಷ್ಟ್ರೇ, ಬೆಳಗಿನಿಂದ ಸಂಖ್ಯೆ ಒಂದಿಷ್ಟೂ ಅಲುಗಿಲ್ಲ. ಇನ್ನು ಇದನ್ನು ನಂಬಬಹುದಲ್ಲವೇ?" ಎಂದು ನಾಗವೇಣಿ ಕೇಳಿದಳು.

ಅವಳು ಅಕ್ಕಿ ಗಿರಣಿಯ ಬಾಯ್ಲರ್‌ಗೆ ಒತ್ತಡ ತೋರಿಸುವ ಯಂತ್ರ ಮಾಡಿದ್ದಳು. ಸೆನ್ಸರ್ ಒತ್ತಡಕ್ಕೆ ತಕ್ಕಷ್ಟು ವೋಲ್ಟೇಜ್ ಕಳಿಸುತ್ತದೆ. ಚಿಪ್ ಅದನ್ನು ಸೊನ್ನೆಯಿಂದ ಸಾವಿರದ ಇಪ್ಪತ್ತಮೂರರವರೆಗಿನ ಒಂದು ಸಂಖ್ಯೆಯಾಗಿ ಹೇಳುತ್ತದೆ. ಕೈಪಂಪಿನಿಂದ ಒತ್ತಡ ತುಂಬಿ ಮೇಜಿನ ಮೇಲೆ ಪರೀಕ್ಷೆ ನಡೆಸಿದ್ದಳು. ನಾಳೆ ಯಂತ್ರವನ್ನು ಗಿರಣಿಯಲ್ಲಿ ಕೂರಿಸಬೇಕು. ಅಲ್ಲಿ ಬಾಯ್ಲರ್ ಒಲೆಗೆ ಹೊಟ್ಟು ಹಾಕುವವನು ಅವಳ ಸ್ವಂತ ಅಣ್ಣ.

ಮೇಷ್ಟ್ರು ಯಂತ್ರವನ್ನು ಒಮ್ಮೆ ನೋಡಿ, ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಕೆರೆಯಲ್ಲಿ ನೀರೆಷ್ಟಿದೆ ಎಂದು ದಿನಕ್ಕೆ ಮೂರು ಸಲ ಸಾರುವುದು ಅವನ ಕೆಲಸ. ಕೆರೆಯಲ್ಲಿ ಅಲೆಯೇಳುತ್ತದೆ, ಅಲೆಯನ್ನು ಅಳೆಯುವುದು ಯಾರಿಂದಾದೀತು? ಅದಕ್ಕೆ ಹಿರಿಯರು ಏರಿಯ ಮಗ್ಗುಲಿಗೆ ಒಂದು ಕಲ್ಲುತೊಟ್ಟಿ ಕಟ್ಟಿ, ಕೆರೆಯಿಂದ ಅದಕ್ಕೊಂದು ಕಂಡಿ ಇಟ್ಟಿದ್ದರು. ನೀರುಗಂಟಿ ಕಂಡಿ ತೆರೆಯುವನು. ತೊಟ್ಟಿ ಕೆರೆಯ ಮಟ್ಟಕ್ಕೆ ತುಂಬುವುದು. ಕಂಡಿ ಮುಚ್ಚುವನು, ನೀರು ಅಲುಗದೆ ನಿಲ್ಲುವುದು.

ತೊಟ್ಟಿಯ ಗೋಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಹದಿನೈದು ತೂತು, ಒಂದೊಂದಕ್ಕೂ ಮರದ ಬೆಣೆ. ಮೊದಲು ನಡುವಿನ ಎಂಟನೆಯ ಬೆಣೆಯನ್ನು ಸಡಿಲಿಸುವನು. ಹನಿ ಬಂದರೆ ನೀರು ಅಲ್ಲಿಗೆ ಮುಟ್ಟಿದೆ, ಇನ್ನು ಮೇಲಿನ ಅರ್ಧವನ್ನು ನೋಡಬೇಕು. ಬಾರದಿದ್ದರೆ ಕೆಳಗಿನ ಅರ್ಧ. ಮತ್ತೆ ಆ ಅರ್ಧದ ನಡುವಿನದು. ಹೀಗೆ ನಾಲ್ಕೇ ಬೆಣೆಗೆ ಕೆಲಸ ಮುಗಿಯುವುದು. ನೀರು ಒಂಬತ್ತಕ್ಕೂ ಹತ್ತಕ್ಕೂ ನಡುವೆ ನಿಂತಿದ್ದರೆ ಒಂಬತ್ತು ಎನ್ನುವನು. ಅಷ್ಟರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ.

ಅವನ ಮಾತು ಒಮ್ಮೆಯೂ ತಪ್ಪಿರಲಿಲ್ಲ. ಅದೇ ಅವನ ಹೆಮ್ಮೆ, ಅದೇ ಅವನಿಗೆ ಮುಳುವಾಯಿತು. ಅಜ್ಜನ ಕಾಲದಲ್ಲಿ ಏರಿಯನ್ನೂ ತೊಟ್ಟಿಯ ಗೋಡೆಯನ್ನೂ ಮೂರು ಮೊಳ ಎತ್ತರಿಸಿದ್ದರು. ತೊಟ್ಟಿಗೆ ಹೊಸ ತೂತು ಕೊರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಊರಿನ ಜಾಣರು ಒಂದು ಕಟ್ಟಳೆ ಮಾತ್ರ ಮಾಡಿದರು: ನೀರು ಹದಿನೈದನ್ನು ದಾಟಿದರೆ ಡೋಲು ಬಾರಿಸಬೇಕು, ಕೆಳಗಿನ ಕೇರಿಯವರು ದಿಬ್ಬ ಹತ್ತಬೇಕು.

ಒಂದು ವರ್ಷ ಕೆರೆ ಎಂದೂ ಇಲ್ಲದಷ್ಟು ತುಂಬಿತು. ನೀರುಗಂಟಿ ಬೆಣೆಗಳನ್ನು ಸಡಿಲಿಸಿದ. ಎಂಟು, ಹನ್ನೆರಡು, ಹದಿನಾಲ್ಕು, ಹದಿನೈದು. ನಾಲ್ಕರಿಂದಲೂ ನೀರು ಚಿಮ್ಮಿತು. ಹದಿನೈದು ಎಂದು ಸಾರಿದ. ಮರುದಿನ ಬೆಳಿಗ್ಗೆಯೂ ಹದಿನೈದು. ಡೋಲು ಗೋಡೆಯ ಮೇಲೇ ತೂಗುತ್ತಿತ್ತು.

ಕೆಳಗಿನ ಕೇರಿಗೆ ಕೊಟ್ಟಿದ್ದ ಮಗಳು ಕೂಸನ್ನು ಎತ್ತಿಕೊಂಡು ಓಡಿಬಂದಳು.

"ಅಪ್ಪಾ, ನೀರು ಏರಿಯ ಅಂಚಿಗೆ ಬಂದಿದೆಯಂತೆ. ದಿಬ್ಬಕ್ಕೆ ಹೋಗಿಬಿಡಲಾ?"

"ನಿನ್ನೆ ಹದಿನೈದು, ಇವತ್ತೂ ಹದಿನೈದು. ನೀರು ಒಂದು ಬೆರಳೂ ಏರಿಲ್ಲ. ಹೇಳುವವರ ಮಾತು ಕೇಳಬೇಡ, ಸುಮ್ಮನೆ ಮನೆಗೆ ಹೋಗವ್ವ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಅವನಿಗೆ ಬೇಕಾಗಿತ್ತು. ಏರಿ ಹತ್ತಿ ನೋಡಲು ಇಪ್ಪತ್ತು ಹೆಜ್ಜೆ ಸಾಕಿತ್ತು; ಹತ್ತಲಿಲ್ಲ. ಊರೇ ನಂಬುವ ಮಾತನ್ನು ಮಗಳು ನಂಬದಿರುವಳೇ? ಕೂಸನ್ನು ಎತ್ತಿಕೊಂಡು ಮನೆಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಏರಿ ಒಡೆಯಿತು. ಕೆಳಗಿನ ಕೇರಿಯಲ್ಲಿ ಒಂದು ಗೋಡೆಯೂ ಉಳಿಯಲಿಲ್ಲ, ಒಂದು ಜೀವವೂ ಉಳಿಯಲಿಲ್ಲ.

ಸಂಜೆ ನೀರುಗಂಟಿ ತೊಟ್ಟಿಯ ಬಳಿಗೆ ಬಂದ. ಅದು ಮೂರನೆಯ ಸಲದ ಹೊತ್ತು. ಕಂಡಿ ತೆರೆದ, ಮುಚ್ಚಿದ. ಎಂಟು, ನಾಲ್ಕು, ಎರಡು, ಒಂದು. ಎಲ್ಲಿಯೂ ಹನಿ ಬರಲಿಲ್ಲ. ಸೊನ್ನೆ ಎಂದು ಸಾರಿದ. ಅದೂ ಸರಿಯಾಗಿಯೇ ಇತ್ತು.

ಕತೆ ಮುಗಿಯಿತು. ನಾಗವೇಣಿಗೆ ದುಃಖ ತಡೆಯಲಾಗಲಿಲ್ಲ. "ಅಷ್ಟು ನಿಷ್ಠೆಯಿಂದ ಅಳೆದವನಿಗೆ ಹೀಗಾಗಬಹುದೇ, ಮೇಷ್ಟ್ರೇ?" ಎಂದಳು.

"ನಿನ್ನ ಚಿಪ್ಪೂ ಅಷ್ಟೇ ನಿಷ್ಠೆಯದು. ವೋಲ್ಟೇಜನ್ನು ಒಳಗೆ ಬಿಟ್ಟುಕೊಂಡು, ಬಾಗಿಲು ಮುಚ್ಚಿ, ಅರ್ಧಕ್ಕರ್ಧ ಕೇಳುತ್ತಾ ಹೋಗುತ್ತದೆ. ಅವನು ನಾಲ್ಕು ಸಲ ಕೇಳಿದ, ಇದು ಹತ್ತು ಸಲ ಕೇಳುತ್ತದೆ" ಎಂದು ಮೇಷ್ಟ್ರು ಯಂತ್ರವನ್ನು ಅವಳ ಕಡೆಗೆ ತಿರುಗಿಸಿದರು. ಬೆಳಗಿನಿಂದ ಅಲುಗದ ಸಂಖ್ಯೆ ಹಾಗೆಯೇ ನಿಂತಿತ್ತು: ಸಾವಿರದ ಇಪ್ಪತ್ತಮೂರು.

"ಇದರ ಮೇಲೆ ಇನ್ನೆಷ್ಟು ತೂತುಗಳಿವೆ, ಮಗಳೇ?"