ಹನ್ನೆರಡು ಮಾರು ಹಗ್ಗ

“ಉತ್ತರ ಇಪ್ಪತ್ತು ಅಂತ ಸರಿಯಾಗೇ ಬಂದಿದೆಯಲ್ಲ ಗುರುಗಳೇ, ಮತ್ತೆ ಯಾಕೆ ಗೆರೆ ಎಳೆದಿರಿ?”

ಕೇಳಿದವನು ನಾನು. ಬಾವಿಗೆ ಬಿಟ್ಟ ಕಲ್ಲು ಎರಡು ಸೆಕೆಂಡಿಗೆ ನೀರು ಮುಟ್ಟಿತು, ಆಳವೆಷ್ಟು ಎಂಬುದು ಲೆಕ್ಕ. ಉಳಿದವರು ಇನ್ನೂ ಸೂತ್ರವನ್ನೇ ಬರೆಯುತ್ತಿದ್ದಾಗ ನಾನು ಉತ್ತರ ಬರೆದು ಎದ್ದು ನಿಂತಿದ್ದೆ. ನಮ್ಮೂರಿನಲ್ಲಿ ಬಾವಿ ನೋಡದೆ ಬೆಳೆದವರಿಲ್ಲ. ಲೆಕ್ಕದಲ್ಲಂತೂ ನನ್ನ ಮುಂದೆ ನಿಲ್ಲುವವರಿಲ್ಲ. ಮೀಟರ್ ಎಂದು ಬರೆದಿಲ್ಲ ಎಂದರು ಗುರುಗಳು. ಬರೆಯದಿದ್ದರೆ ಬಾವಿ ಮುಚ್ಚಿಹೋಗುತ್ತದೆಯೇ ಎಂದು ಕೇಳಿದೆ. ಹಿಂದೆ ಯಾರೋ ನಕ್ಕರು. ಗುರುಗಳು ನಗಲಿಲ್ಲ, ಕೂರು ಎಂದರು. ಕತೆ ಶುರುವಾಯಿತು.

ಒಬ್ಬ ರೈತನಿದ್ದ. ಆಳು ಕುಳ್ಳ, ಮಾತು ಚುರುಕು. ಯಾರೇ ಲೆಕ್ಕ ಕೇಳಲಿ, ಪ್ರಶ್ನೆ ಮುಗಿಯುವ ಮೊದಲೇ ಅವನ ಉತ್ತರ ಸಿದ್ಧ. ಅವನು ಊರಾಚೆಯ ಹೊಲದಲ್ಲಿ ಬಾವಿ ತೋಡಿಸುತ್ತಿದ್ದ. ಇನ್ನೂ ಕಲ್ಲು ಕಟ್ಟಿರಲಿಲ್ಲ, ಸುತ್ತಲೂ ಹಸಿ ಮಣ್ಣು. ಒಂದು ದಿನ ಅವನ ಹೆಂಡತಿಯ ತಮ್ಮ ತಳದ ಕೆಸರು ತೆಗೆಯಲು ಇಳಿದ. ಅವನು ಬಿದಿರಿನ ಗಳದಂತೆ ಉದ್ದ. ಅವನು ಮೇಲೇರಲು ಹಗ್ಗ ಹಿಡಿದು ಜಗ್ಗಿದಾಗ ಹಗ್ಗ ರಾಟೆಯ ಬಳಿ ಹರಿದು, ಪೂರ್ತಿ ಅವನ ಮೇಲೆಯೇ ಬಿತ್ತು. ಅದರ ಬೆನ್ನಿಗೇ ಒಂದು ಕಡೆಯ ಮಣ್ಣು ಜರಿದು ಅವನ ಮೊಣಕಾಲು ಮುಚ್ಚಿತು.

ಎಷ್ಟು ಹಗ್ಗ ತರಲಿ ಎಂದು ರೈತ ಮೇಲಿನಿಂದ ಕೂಗಿದ. ಕೆಳಗಿನವನು ಬಿದ್ದ ಹಗ್ಗವನ್ನು ಎರಡೂ ಕೈ ಅಗಲಕ್ಕೆ ಚಾಚಿ, ಮಾರು ಮಾರಾಗಿ ಅಳೆದ.

“ಹನ್ನೆರಡು ಭಾವ, ನನ್ನ ಮಾರಿನಲ್ಲಿ.”

ಹನ್ನೆರಡು ಎನ್ನುವುದಷ್ಟೇ ರೈತನಿಗೆ ಬೇಕಿತ್ತು. ಉಳಿದದ್ದನ್ನು ಕೇಳಲು ಅವನು ಅಲ್ಲಿರಲಿಲ್ಲ.

ಆ ಸೀಮೆಯಲ್ಲಿ ಹಗ್ಗವನ್ನು ಕೊಳ್ಳುವವನೇ ತನ್ನ ಕೈ ಚಾಚಿ ಅಳೆದುಕೊಳ್ಳಬೇಕು, ಅಂಗಡಿಯವನು ಮುಟ್ಟುವಂತಿಲ್ಲ. ಅಳತೆಯಲ್ಲಿ ಮೋಸವಾಯಿತೆಂಬ ಜಗಳ ಬರಬಾರದೆಂದು ಹಿಂದಿನವರು ಮಾಡಿಟ್ಟ ಪದ್ಧತಿ. ರೈತ ಅಂಗಡಿಗೆ ಓಡಿ, ಬಾವಿಗೆ ಹನ್ನೆರಡು ಮಾರು ಬೇಕೆಂದು ಏದುಸಿರು ಬಿಡುತ್ತಲೇ ಅಳೆಯತೊಡಗಿದ. ಬಾವಿ ಅಳೆದವರು ಯಾರು, ಒಂದೆರಡು ಮಾರು ಹೆಚ್ಚಿಗೆ ಇರಲಿ ಎಂದ ಅಂಗಡಿಯವನು. ರೈತನಿಗೆ ರೇಗಿತು.

“ನನಗೇ ಲೆಕ್ಕ ಹೇಳಿಕೊಡುತ್ತೀಯಾ? ಹನ್ನೆರಡು ಅಂದರೆ ಯಾರಿಗಾದರೂ ಹನ್ನೆರಡೇ.”

ಕತ್ತರಿಸಿಕೊಂಡು ಓಡಿದ. ಅವನು ಮರಳುವಷ್ಟರಲ್ಲಿ ಮಣ್ಣು ಸೊಂಟಕ್ಕೆ ಬಂದಿತ್ತು. ಹಗ್ಗದ ಒಂದು ತುದಿಯನ್ನು ರಾಟೆಯ ಕಂಬಕ್ಕೆ ಬಿಗಿದು, ಇನ್ನೊಂದನ್ನು ಇಳಿಬಿಟ್ಟ. ಅದು ಕೆಳಗಿನವನ ತಲೆಯ ಮೇಲೆ, ಚಾಚಿದ ಕೈಗೂ ಮೇಲೆ, ತೂಗಾಡುತ್ತ ನಿಂತಿತು.

ಹನ್ನೆರಡೇ ತಂದಿದ್ದೇನೆ, ಎರಡು ಸಲ ಎಣಿಸಿದ್ದೇನೆ ಎಂದು ರೈತ ಕೂಗಿದ. ಕೆಳಗೆ ಮಣ್ಣು ಉದುರುತ್ತಲೇ ಇತ್ತು. ಅದರ ನಡುವೆಯೇ ಕೆಳಗಿನವನ ಮಾತು ಬಂತು.

“ನಿನ್ನ ಎಣಿಕೆ ತಪ್ಪು ಅಂತ ನಾನೆಲ್ಲಿ ಅಂದೆ ಭಾವ? ಹಗ್ಗ ಎಟುಕುತ್ತಿಲ್ಲ, ಅಷ್ಟೆ.”

ರೈತ ತಲೆಯ ರುಮಾಲು ಬಿಚ್ಚಿದ, ಉಟ್ಟ ಪಂಚೆ ಬಿಚ್ಚಿದ. ಎರಡನ್ನೂ ಗಂಟು ಹಾಕತೊಡಗಿದ. ಅವಸರಕ್ಕೆ ಗಂಟು ಬೀಳಲೊಲ್ಲದು.

ಗುರುಗಳು ಅಲ್ಲಿಗೆ ನಿಲ್ಲಿಸಿ ಚಾಕ್‌ಪೀಸ್ ಕೈಗೆತ್ತಿಕೊಂಡರು. ಮುಂದಿನ ಲೆಕ್ಕ ಬರೆಯಲು ಹೊರಟರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಂಟು ಬಿತ್ತೇ, ಆ ಮನುಷ್ಯ ಮೇಲೆ ಬಂದನೇ, ಅದನ್ನು ಹೇಳಿ ಎಂದೆ. ಅವರು ಬೋರ್ಡಿನ ಕಡೆಯಿಂದ ತಿರುಗಿ ನನ್ನ ಬಳಿ ಬಂದು, ಗೆರೆ ಎಳೆದ ನನ್ನ ಉತ್ತರದ ಮೇಲೆ ಬೆರಳಿಟ್ಟರು. ಅವರು ಆಡಿದ್ದು ಒಂದೇ ಮಾತು:

“ಅದು, ನೀನು ಇಳಿಬಿಟ್ಟ ಹಗ್ಗ ಇಪ್ಪತ್ತು ಮಾರೋ, ಮೀಟರೋ ಎಂಬುದರ ಮೇಲಿದೆ.”